ಹಿಂಬದಿ ನೋಡಿ ಕಲಿಯುವ ಕಸೂತಿ: ಐದು ಪುಟ್ಟ ಕೆಲಸಗಳ ಲೆಕ್ಕ

ಧಾರವಾಡದ ಕಸೂತಿಯಲ್ಲಿ ಬಟ್ಟೆಯ ಮೇಲೆ ಏನನ್ನೂ ಬರೆದುಕೊಳ್ಳುವುದಿಲ್ಲ, ದಾರಕ್ಕೆ ಗಂಟು ಹಾಕುವುದಿಲ್ಲ. ಉಳಿದದ್ದೆಲ್ಲ ಹುಟ್ಟುವುದು ಈ ಎರಡು ಕಟ್ಟುಪಾಡಿನಿಂದ. ಬರೆಯುವಂತಿಲ್ಲ, ಹಾಗಾಗಿ ಬಟ್ಟೆಯ ಎಳೆ ಎಣಿಸಬೇಕು. ಗಂಟಿಲ್ಲ, ಹಾಗಾಗಿ ದಾರ ಎಲ್ಲಿಂದ ಹೊರಟು ಎಲ್ಲಿಗೆ ಮರಳುತ್ತದೆ ಎಂಬುದು ಸೂಜಿ ಚುಚ್ಚುವ ಮೊದಲೇ ತಲೆಯಲ್ಲಿರಬೇಕು. ಚಂದ್ರಕಾಳಿ ಎಂಬ ಕಪ್ಪು ಸೀರೆಯ ಸೆರಗಿನಲ್ಲಿ ಗೋಪುರ, ತೇರು, ಆನೆ-ಅಂಬಾರಿ, ತೊಟ್ಟಿಲು, ನವಿಲು ಎಷ್ಟು ತುಂಬಿದ್ದರೂ ಅವೆಲ್ಲ ನಾಲ್ಕೇ ಹೊಲಿಗೆಗಳ ಕೆಲಸ: ಗವಂತಿ (ಎರಡೂ ಬದಿ ಒಂದೇ ಕಾಣುವ ಗೆರೆ), ಮುರ್ಗಿ (ಮೆಟ್ಟಿಲು ಗೆರೆ), ನೇಗಿ (ನೇಯ್ದಂತೆ ಕಾಣುವುದು), ಮೆಂತೆ (ಗುಣಾಕಾರ ಚಿಹ್ನೆಯಂಥದ್ದು).

ಕಲಿಯುವವರಲ್ಲಿ ಹೆಚ್ಚಿನವರು ಮೆಂತೆಯಿಂದ ಶುರು ಮಾಡುತ್ತಾರೆ, ಅದು ಸುಲಭ ಅಂತ. ಇಲ್ಲಿ ಅದನ್ನು ನಾಲ್ಕನೆಯದಾಗಿ ಇಟ್ಟಿದೆ. ಮೆಂತೆಯ ಹಿಂಬದಿ ಹೇಗಿದ್ದರೂ ಮುಂಬದಿ ಚೆನ್ನಾಗಿಯೇ ಕಾಣುತ್ತದೆ. ಅದರಿಂದ ಹಿಂದೆ ದಾರವನ್ನು ಅಡ್ಡಾದಿಡ್ಡಿ ಎಳೆದುಕೊಂಡು ಹೋಗುವ ಚಾಳಿ ಕೈಗೆ ಹತ್ತುತ್ತದೆ, ಗವಂತಿಗೆ ಬಂದಾಗ ಅದನ್ನು ಬಿಡಿಸುವುದು ಕಷ್ಟ. ಮುರ್ಗಿಯಲ್ಲಿ ತಪ್ಪು ಎರಡೇ ಹೆಜ್ಜೆಯಲ್ಲಿ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಮೊದಲು ಮುರ್ಗಿ.

ಸಾಮಾನು

ತಿಳಿ ಬಣ್ಣದ 14 ಕೌಂಟ್ ಮ್ಯಾಟಿ ಬಟ್ಟೆ, 50 × 50 ಸೆಂ.ಮೀ. ಕೌಂಟ್ 14 ಎಂದರೆ ಒಂದು ಇಂಚಿಗೆ 14 ಮನೆ (ನೇಯ್ಗೆಯ ಪುಟ್ಟ ಚೌಕ), ಅಂದರೆ ಒಂದು ಮನೆಗೆ ಸುಮಾರು 1.8 ಮಿ.ಮೀ. 11 ಕೌಂಟ್ ಬಟ್ಟೆಯೂ ಅದೇ ಹೆಸರಿನಲ್ಲಿ ಸಿಗುತ್ತದೆ. ಕೊಳ್ಳುವಾಗಲೇ ಸ್ಕೇಲ್ ಇಟ್ಟು ಎಣಿಸಿ, ಅದೂ ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ. ಎರಡೂ ಒಂದೇ ಬರದಿದ್ದರೆ ಆ ತುಂಡು ಬೇಡ.

ಮೊಂಡು ತುದಿಯ ಟ್ಯಾಪೆಸ್ಟ್ರಿ ಸೂಜಿ, ನಂಬರ್ 24, ಎರಡು. ಚೂಪು ಸೂಜಿ ಮೊದಲು ಹಾಕಿದ ದಾರವನ್ನೇ ಸೀಳಿಕೊಂಡು ಹೋಗುತ್ತದೆ, ಬಿಚ್ಚಬೇಕಾಗಿ ಬಂದಾಗ ದಾರ ನಾರುನಾರಾಗಿ ಬರುತ್ತದೆ. ಐದನೆಯ ಕೆಲಸಕ್ಕೆ ಮಾತ್ರ ಚೂಪು ಕಸೂತಿ ಸೂಜಿ, ನಂಬರ್ 8 ಅಥವಾ 9.

ಆರೆಳೆಯ ಹತ್ತಿ ದಾರದ ಲಡಿ, 8 ಮೀಟರಿನದು: ಕೆಂಪು, ಹಸಿರು, ಕಿತ್ತಳೆ, ನೇರಳೆ ತಲಾ ಒಂದು. ಜೊತೆಗೆ ಸಣ್ಣ ಕತ್ತರಿ, ಚಿಮಟ, ಗ್ರಾಫ್ ಹಾಳೆ, ಟಾಕಾ (ಆಮೇಲೆ ಬಿಚ್ಚಿಬಿಡುವ ಕಚ್ಚಾ ಹೊಲಿಗೆ) ಹಾಕಲು ಬೇರೆ ಬಣ್ಣದ ಹೊಲಿಗೆ ದಾರ. ರಿಂಗ್ ಫ್ರೇಮ್ ಬೇಕೇ ಬೇಕು ಅಂತಿಲ್ಲ. ಮ್ಯಾಟಿ ಬಟ್ಟೆ ತಾನೇ ಬಿಗಿಯಾಗಿ ನಿಲ್ಲುತ್ತದೆ, ಕೈಯಲ್ಲಿ ಹಿಡಿದು ಮಾಡಿದರೆ ಹಿಂಬದಿಯನ್ನು ತಿರುಗಿಸಿ ನೋಡುವುದೂ ಸಲೀಸು.

ಬಣ್ಣ ಬಿಡುತ್ತದೆಯೇ ಎಂದು ಮೊದಲೇ ನೋಡಿ. ದಾರದ ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ಮಡಿಕೆಯೊಳಗೆ ಇಟ್ಟು ಇಸ್ತ್ರಿ ಒತ್ತಿ. ಕಲೆ ಬಿದ್ದರೆ ಇಡೀ ಲಡಿಯನ್ನು ತಣ್ಣೀರಿನಲ್ಲಿ, ನೀರು ತಿಳಿಯಾಗುವ ತನಕ, ತೊಳೆದು ನೆರಳಲ್ಲಿ ಒಣಗಿಸಿ. ಹೆಚ್ಚು ತೊಂದರೆ ಕೊಡುವುದು ಕಡು ಕೆಂಪು.

ಬಟ್ಟೆಯನ್ನು ನಾಲ್ಕು ತುಂಡು ಮಾಡಿ: 17 × 11, 8 × 21, 13 × 23, 12 × 12 ಸೆಂ.ಮೀ. ಕತ್ತರಿ ಎರಡು ಮನೆಗಳ ನಡುವಿನ ಗೆರೆಯಲ್ಲೇ ಓಡಬೇಕು. ಎರಡನೆಯ ತುಂಡನ್ನು ಬಿಟ್ಟು ಉಳಿದವುಗಳ ಅಂಚಿಗೆ ಸುತ್ತುಹೊಲಿಗೆ ಹಾಕಿ, ಇಲ್ಲದಿದ್ದರೆ ಕೆಲಸ ಮುಗಿಯುವಷ್ಟರಲ್ಲಿ ಅಂಚಿನ ನಾಲ್ಕೈದು ಎಳೆ ಬಿಚ್ಚಿಕೊಂಡಿರುತ್ತವೆ.

ದಾರದ ಲೆಕ್ಕ

ಗವಂತಿ, ಮುರ್ಗಿ ಎರಡರಲ್ಲೂ ಒಂದು ಮನೆಯ ಮೇಲೆ ದಾರ ಮುಂದೆ ಒಮ್ಮೆ, ಹಿಂದೆ ಒಮ್ಮೆ ಹಾಯುತ್ತದೆ. 1.8 ಮಿ.ಮೀ. ಎರಡು ಸಲ, ಬಟ್ಟೆಯ ದಪ್ಪ ದಾಟಲು ಮತ್ತೆರಡು ಸಲ, ಒಟ್ಟು ಮನೆಗೆ 5 ಮಿ.ಮೀ. ಎಂದು ಹಿಡಿಯಿರಿ. 45 ಸೆಂ.ಮೀ. ದಾರದಲ್ಲಿ ಶುರುವಿಗೆ 8, ಕೊನೆಗೆ 8 ಸೆಂ.ಮೀ. ಬಾಲ ಬಿಟ್ಟರೆ ಉಳಿಯುವುದು 29 ಸೆಂ.ಮೀ., ಅಂದರೆ 58 ಮನೆ. ಹೋಗುವ ದಾರಿ 58 ಮನೆಗಿಂತ ಉದ್ದವಿದ್ದರೆ ಮರಳುವ ದಾರಿಯ ನಡುವೆ ದಾರ ಮುಗಿಯುತ್ತದೆ. ದಾರ ಮುಗಿದ ಮೇಲೆ ಈ ಲೆಕ್ಕ ಮಾಡಿ ಪ್ರಯೋಜನವಿಲ್ಲ. ಗ್ರಾಫ್ ಹಾಳೆಯ ಮೇಲೆ ಮನೆ ಎಣಿಸಿದ ಮೇಲೇ ದಾರ ಕತ್ತರಿಸಿ.

ಆರೆಳೆಯಿಂದ ಎರಡೆಳೆ ಬೇಕಾದಾಗ ಎರಡನ್ನೂ ಒಟ್ಟಿಗೆ ಎಳೆಯಬೇಡಿ, ಸಿಕ್ಕಾಗುತ್ತದೆ. ಒಂದೊಂದಾಗಿ ಮೇಲಕ್ಕೆ ಎಳೆದು ತೆಗೆದು, ಆಮೇಲೆ ಜೋಡಿಸಿ. ಹೀಗೆ ಬಿಡಿಸಿ ಕೂಡಿಸಿದ ಎಳೆಗಳು ಪಕ್ಕಪಕ್ಕ ಚಪ್ಪಟೆಯಾಗಿ ಕೂರುತ್ತವೆ.

ಕೆಲಸ 1: ಸೂಜಿ ಪುಸ್ತಕದ ಮುಖಕ್ಕೆ ಮುರ್ಗಿ

17 × 11 ತುಂಡು. ಅಂಚು ಒಳಗೆ ಮಡಿಸಿದ ಮೇಲೆ 14 × 8 ಆಗುತ್ತದೆ, ನಡುವೆ ಮಡಿಸಿದರೆ 7 × 8ರ ಪುಟ್ಟ ಪುಸ್ತಕ. ಮುಂದಿನ ಮುಖದ ಮೇಲೆ ಮುರ್ಗಿಯ ಎರಡು ಸಾಲು.

ಮುರ್ಗಿ ಎಂದರೆ ಮೆಟ್ಟಿಲು: ಒಂದು ಅಡ್ಡ, ಒಂದು ಲಂಬ. ನಾಲ್ಕು ಮೆಟ್ಟಿಲು ಹತ್ತಿ, ನಾಲ್ಕು ಇಳಿದರೆ ಒಂದು ಅಲೆ. ಅದರ ಅಗಲ 8 ಮನೆ, ಎತ್ತರ 4 ಮನೆ. ನಾಲ್ಕು ಅಲೆಗೆ 32 ಮನೆ ಅಗಲ, ಅಂದರೆ 5.8 ಸೆಂ.ಮೀ. ಮುಖದ 7 ಸೆಂ.ಮೀ.ನಲ್ಲಿ ಎರಡೂ ಕಡೆ 6 ಮಿ.ಮೀ. ಖಾಲಿ ಉಳಿಯುತ್ತದೆ. ಒಂದು ಸಾಲಿಗೆ ಒಟ್ಟು 64 ಹೆಜ್ಜೆ: 32 ಸೆಂ.ಮೀ. ದಾರ, ಬಾಲಗಳ 16 ಸೇರಿ 48. ಇಲ್ಲಿ 45ರ ಬದಲು 50 ಸೆಂ.ಮೀ. ಕತ್ತರಿಸಿ, ನಡುವೆ ಬೆಸುಗೆ ಬೀಳುವುದು ತಪ್ಪುತ್ತದೆ.

ಎರಡೆಳೆ ಕೆಂಪು. 8 ಸೆಂ.ಮೀ. ಬಾಲವನ್ನು ಹಿಂದೆ ಬಿಟ್ಟು ಮೊದಲ ರಂಧ್ರದಲ್ಲಿ ಸೂಜಿ ಮೇಲೆ ತನ್ನಿ. ಅಡ್ಡ ಮನೆ ಮುಂದೆ, ಲಂಬ ಮನೆ ಹಿಂದೆ, ಮತ್ತೆ ಅಡ್ಡ ಮುಂದೆ, ಲಂಬ ಹಿಂದೆ. 32 ಮನೆ ದಾಟಿದಾಗ ಮುಂಬದಿಯಲ್ಲಿ ಬರೀ ಅಡ್ಡಗೆರೆ ಇರಬೇಕು, ಹಿಂಬದಿಯಲ್ಲಿ ಬರೀ ಲಂಬಗೆರೆ. ಮುಂದೆ ಒಂದೇ ಒಂದು ಲಂಬಗೆರೆ ಕಂಡರೂ ಅಲ್ಲಿ ಒಂದು ಹೆಜ್ಜೆ ತಪ್ಪಿದೆ ಎಂದರ್ಥ. ಆ ಜಾಗದವರೆಗೆ ಬಿಚ್ಚಿ. ಮರಳುವಾಗ ಲಂಬ ಮುಂದೆ, ಅಡ್ಡ ಹಿಂದೆ, ಬಂದ ರಂಧ್ರಗಳಲ್ಲೇ.

ಮರಳುವ ದಾರಿಯಲ್ಲಿ ಗೆರೆ ಹಲ್ಲುಹಲ್ಲಾಗಿ ಕಾಣುವುದು ಸಾಮಾನ್ಯ. ಒಂದೇ ರಂಧ್ರದಲ್ಲಿ ಮೊದಲೇ ಒಂದು ದಾರ ಕೂತಿದೆ, ಹೊಸ ದಾರ ಅದರ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸರಿಯುತ್ತದೆ, ದೋಷ ಬರುವುದು ಹೀಗೆ. ಒಂದು ಪದ್ಧತಿ ಹಿಡಿಯಿರಿ: ಸೂಜಿ ಮೇಲೆ ಬರುವಾಗ ಹಳೆಯ ದಾರದ ಒಂದೇ ಮಗ್ಗುಲಿಗೆ ಬರಲಿ, ಕೆಳಗೆ ಹೋಗುವಾಗ ಯಾವಾಗಲೂ ಅದರ ಎದುರು ಮಗ್ಗುಲಿಗೆ ಹೋಗಲಿ. ಗೆರೆ ನೇರವಾಗುತ್ತದೆ.

ಎರಡನೆಯ ಸಾಲು ಮೊದಲನೆಯದರ ಕನ್ನಡಿ ಬಿಂಬ, ಹಸಿರಿನಲ್ಲಿ, ಎರಡು ಮನೆ ಅಂತರ ಬಿಟ್ಟು ಕೆಳಗೆ. ಹತ್ತುವ ಕಡೆ ಇಳಿಯಿರಿ, ಇಳಿಯುವ ಕಡೆ ಹತ್ತಿ.

ಬಾಲ ಮುಗಿಸುವುದು: ಬಾಲವನ್ನು ಸೂಜಿಗೆ ಪೋಣಿಸಿ, ಸಾಲಿನ ರಂಧ್ರಗಳಲ್ಲೇ ನಾಲ್ಕೈದು ಹೆಜ್ಜೆ ಹಳೆಯ ದಾರದ ಜೊತೆಗೇ ಓಡಿಸಿ, ಬಟ್ಟೆಗೆ ತಾಗುವಂತೆ ಕತ್ತರಿಸಿ. ಶುರುವಿನ ಬಾಲ, ಕೊನೆಯ ಬಾಲ ಎರಡೂ ಒಂದೇ ಐದು ಮನೆಗಳಲ್ಲಿ ಬಿದ್ದರೆ ಅಲ್ಲಿ ಗೆರೆ ದಪ್ಪವಾಗುತ್ತದೆ. ಒಂದನ್ನು ಆರು ಮನೆ ಆಚೆ ಒಯ್ದು ಮುಗಿಸಿ.

ಕೆಲಸ 2: ಗವಂತಿಯ ಪುಟಗುರುತು

ಗವಂತಿಯ ಹೆಸರಿನಲ್ಲಿ ಗಂಟು ಇದೆ, ಕೆಲಸದಲ್ಲಿ ಗಂಟಿಲ್ಲ. ಎರಡೂ ಮಗ್ಗುಲಲ್ಲಿ ಒಂದೇ ಚಿತ್ರ ಬರುವ ಹೊಲಿಗೆ ಇದು. ಪುಟಗುರುತನ್ನು ಎರಡೂ ಕಡೆಯಿಂದ ನೋಡುತ್ತೇವೆ, ಅಸ್ತರಿ ಹಾಕಿ ಮುಚ್ಚಲು ಬರುವುದಿಲ್ಲ. ಹಾಗಾಗಿ ಇದೇ ಸರಿಯಾದ ಪರೀಕ್ಷೆ.

ಮುರ್ಗಿಗೆ ಕವಲಿಲ್ಲ, ಹೋಗಿ ಬಂದರೆ ಮುಗಿಯಿತು. ಗವಂತಿಯಲ್ಲಿ ಗೆರೆ ಒಡೆಯುತ್ತದೆ, ಕೊಂಬೆ ಬಿಡುತ್ತದೆ. ಇಡೀ ಕಸೂತಿಯಲ್ಲಿ ಬುದ್ಧಿ ಬೇಡುವ ಜಾಗ ಇದೊಂದೇ. ನಿಯಮ ಇಷ್ಟು: ಹೋಗುವಾಗ ಕವಲು ಸಿಕ್ಕ ಕೂಡಲೇ ಅದರೊಳಗೆ ಹೋಗಿ, ತುದಿ ಮುಟ್ಟಿ, ಅದೇ ದಾರಿಯಲ್ಲಿ ಮರಳಿ, ಆಮೇಲೆ ಮುಖ್ಯ ದಾರಿ ಹಿಡಿಯಿರಿ. ಕವಲಿನೊಳಗೆ ಮತ್ತೊಂದು ಕವಲು ಸಿಕ್ಕರೂ ಹಾಗೆಯೇ. ಹೋದಷ್ಟೇ ಹೆಜ್ಜೆ ಮರಳುವುದರಿಂದ ಕವಲಿನ ಒಟ್ಟು ಹೆಜ್ಜೆ ಯಾವಾಗಲೂ ಸರಿಸಂಖ್ಯೆ. ಆದ್ದರಿಂದ ಕವಲಿಗೆ ಹೊರಡುವಾಗ ದಾರ ಬಟ್ಟೆಯ ಯಾವ ಮಗ್ಗುಲಲ್ಲಿತ್ತೋ ಮರಳಿದಾಗಲೂ ಅದೇ ಮಗ್ಗುಲಲ್ಲಿರಬೇಕು. ಬೇರೆ ಮಗ್ಗುಲಲ್ಲಿದ್ದರೆ ಕವಲಿನೊಳಗೆ ಒಂದು ಮನೆ ಜಿಗಿದಿದ್ದೀರಿ ಅಥವಾ ಒಂದು ಹೆಜ್ಜೆ ಎರಡು ಮನೆ ನುಂಗಿದೆ. ಮುಂದೆ ಹೋಗಬೇಡಿ. ಆ ಒಂದು ತಪ್ಪಿನಿಂದ ಮುಂದಿನ ಎಲ್ಲ ಹೆಜ್ಜೆಗಳೂ ಅದಲುಬದಲಾಗಿ, ಮರಳುವಾಗ ಮುಂದೆ ದಾರದ ಮೇಲೆ ದಾರ ಕೂತು ಹಿಂದೆ ಖಾಲಿ ಉಳಿಯುತ್ತದೆ.

ಮಾದರಿಗೆ ದೀಪದ ಕಂಬಗಳ ಒಂದು ಸಾಲು. ತಳಗೆರೆ 24 ಮನೆ, ಅಂದರೆ 4.35 ಸೆಂ.ಮೀ. 4, 8, 12, 16, 20ನೆಯ ರಂಧ್ರಗಳಲ್ಲಿ ಒಂದೊಂದು ಕಂಬ. ಕಂಬದ ಎತ್ತರ 3 ಮನೆ. ಎರಡನೆಯ ಮನೆಯ ಮೇಲ್ತುದಿಯಲ್ಲಿ ಎಡಕ್ಕೊಂದು, ಬಲಕ್ಕೊಂದು ಮನೆಯ ಕೈ. ಒಂದು ಕಂಬಕ್ಕೆ 5 ಮನೆ, ಐದಕ್ಕೆ 25, ತಳಗೆರೆ 24, ಒಟ್ಟು 49. ದಾರ 24.5 ಮತ್ತು 16, ಅಂದರೆ 40.5 ಸೆಂ.ಮೀ. ಒಂದೇ ತುಂಡಿನಲ್ಲಿ ಸಾಲು ಮುಗಿಯುತ್ತದೆ.

ತಳಗೆರೆಯಲ್ಲಿ ನಾಲ್ಕು ಹೆಜ್ಜೆ: ಮುಂದೆ, ಹಿಂದೆ, ಮುಂದೆ, ಹಿಂದೆ. ಈಗ ದಾರ ಮುಂಬದಿಯಲ್ಲಿದೆ. ಕಂಬ ಹತ್ತಿ: ಮೇಲಕ್ಕೆ ಮುಂದೆ, ಮೇಲಕ್ಕೆ ಹಿಂದೆ. ಎಡಗೈಗೆ ಮುಂದೆ, ಅಲ್ಲಿಂದ ವಾಪಸು ಹಿಂದೆ. ಮೂರನೆಯ ಮನೆಗೆ ಮುಂದೆ, ವಾಪಸು ಹಿಂದೆ. ಬಲಗೈಗೆ ಮುಂದೆ, ವಾಪಸು ಹಿಂದೆ. ಕೆಳಕ್ಕೆ ಮುಂದೆ, ಕೆಳಕ್ಕೆ ಹಿಂದೆ. ಹತ್ತು ಹೆಜ್ಜೆ ಮುಗಿದು ಮತ್ತೆ ತಳಗೆರೆಗೆ ಬಂದಾಗ ದಾರ ಮುಂಬದಿಯಲ್ಲೇ ಇದೆ. ತಳಗೆರೆಯ ಐದನೆಯ ಮನೆ ಮುಂದೆ, ಹೀಗೆ ಸಾಗಲಿ.

ಕಂಬಗಳ ನಡುವೆ ನಾಲ್ಕು ಮನೆ ಇಟ್ಟದ್ದು ಬೇಕೆಂದೇ. ಅಂತರ ಸರಿಸಂಖ್ಯೆಯಾಗಿದ್ದರೆ ಪ್ರತಿ ಕಂಬವೂ ‘ಮುಂದೆ’ಯಿಂದಲೇ ಶುರುವಾಗುತ್ತದೆ, ಕೈಗೆ ಒಂದೇ ಲಯ ಕೂರುತ್ತದೆ. ಅಂತರ ಮೂರಾದರೆ ಒಂದು ಕಂಬ ಹಿಂದಿನಿಂದ, ಮುಂದಿನದು ಮುಂದಿನಿಂದ ಶುರು. ಫಲ ಒಂದೇ ಆದರೂ ಮೊದಲ ಸಲ ಮಾಡುವವರಿಗೆ ಗೊಂದಲ. ನಾಲ್ಕರ ಸಾಲು ಮೂರು ಮಾಡಿದ ಮೇಲೆ ಮೂರರ ಅಂತರದ್ದೊಂದು ಸಾಲು ಹಾಕಿ ನೋಡಿ.

24ನೆಯ ರಂಧ್ರ ತಲುಪಿದಾಗ ಕೆಲಸ ನಿಲ್ಲಿಸಿ ನೋಡಬೇಕಾದದ್ದು: ಐದೂ ಕಂಬಗಳು ಎರಡೂ ಮಗ್ಗುಲಲ್ಲಿ ಪೂರ್ತಿಯಾಗಿರಬೇಕು, ತಳಗೆರೆ ಮಾತ್ರ ಒಂದು ಮನೆ ಬಿಟ್ಟು ಒಂದು ತುಂಬಿರಬೇಕು. ಕಂಬದಲ್ಲಿ ಖಾಲಿ ಕಂಡರೆ ಆ ಕಂಬದವರೆಗೆ ಬಿಚ್ಚುವುದೇ ದಾರಿ. ಎಲ್ಲ ಸರಿಯಿದ್ದರೆ ತಳಗೆರೆಯ ಮೇಲೆ ಮರಳಿ, ಈಗ ಕಂಬಗಳ ಕಡೆ ತಿರುಗಬೇಡಿ.

ಬಿಚ್ಚುವಾಗ ಸೂಜಿಯನ್ನು ಬಂದ ರಂಧ್ರಕ್ಕೇ ಹಿಂದಕ್ಕೆ ತೂರಿಸಬೇಡಿ, ದಾರ ಸೀಳುತ್ತದೆ. ಸೂಜಿ ಕಳಚಿ, ಅದರ ಕಣ್ಣಿನ ಕಡೆಯಿಂದ ಒಂದೊಂದೇ ಹೆಜ್ಜೆ ಎತ್ತಿ ಎಳೆಯಿರಿ. ಒಂದೇ ದಾರವನ್ನು ಮೂರು ಸಲ ಬಿಚ್ಚಿದ್ದರೆ ಅದು ಜುಂಜಾಗಿ ಹೊಳಪು ಕಳೆದುಕೊಂಡಿರುತ್ತದೆ. ಎಸೆದು ಹೊಸದು ತೆಗೆದುಕೊಳ್ಳಿ.

ಪುಟಗುರುತಿನ ಮೇಲ್ಭಾಗದಲ್ಲಿ ಮೂರು ಸಾಲು, ಕೆಳಭಾಗದಲ್ಲಿ ತಲೆಕೆಳಗಾಗಿ ಮೂರು ಸಾಲು ಸಾಕು. ಒಂದು ತಳಗೆರೆಯಿಂದ ಮುಂದಿನದಕ್ಕೆ 8 ಮನೆ. ಕೊನೆಗೆ ಬಟ್ಟೆಯ ಅಂಚಿನಿಂದ 1 ಸೆಂ.ಮೀ. ಒಳಗೆ ನಾಲ್ಕೂ ಸುತ್ತ ಗವಂತಿಯ ಒಂದು ಚೌಕ ಹಾಕಿ, ಅದರಾಚೆಯ ಎಳೆಗಳನ್ನು ಚಿಮಟದಿಂದ ಒಂದೊಂದಾಗಿ ತೆಗೆದುಬಿಡಿ. ಕುಚ್ಚಿನ ಅಂಚು ಬರುತ್ತದೆ, ಚೌಕದ ಗೆರೆ ಅದನ್ನು ಮುಂದೆ ಬಿಚ್ಚದಂತೆ ಹಿಡಿಯುತ್ತದೆ. ಈ ಚೌಕ 58 ಮನೆಗಿಂತ ತುಂಬ ದೊಡ್ಡದು. ಒಂದೇ ದಾರದಲ್ಲಿ ಸುತ್ತು ಹಾಕಲು ಹೋಗದೆ, ಪ್ರತಿ ದಾರವೂ ತನ್ನ ಪಾಲಿನ ತುಂಡನ್ನು ಹೋಗಿ-ಬಂದು ಮುಗಿಸಲಿ.

ಕೆಲಸ 3: ನೇಗಿಯ ಚಿಲ್ಲರೆ ಚೀಲ

ನೇಗಿಯ ಬೇರು ನೇಯುವುದರಲ್ಲಿದೆ, ಮುಗಿದಾಗ ಮಗ್ಗದಲ್ಲೇ ನೇಯ್ದ ಹಾಗೆ ಕಾಣುತ್ತದೆ. ಉದ್ದ-ಗಿಡ್ಡ ಹಾಸುಹೊಲಿಗೆಗಳು ಸಾಲಾಗಿ ಓಡುತ್ತವೆ. ಎರಡೂ ಮಗ್ಗುಲು ಒಂದೇ ಅಲ್ಲ. ಮುಂದೆ ದಾರವಿದ್ದಲ್ಲಿ ಹಿಂದೆ ಖಾಲಿ, ಮುಂದೆ ಖಾಲಿಯಿದ್ದಲ್ಲಿ ಹಿಂದೆ ದಾರ.

13 × 23 ತುಂಡಿನ ಅಡ್ಡಕ್ಕೆ 42 ರಂಧ್ರಗಳ ಪಟ್ಟಿ, ಅಂದರೆ 41 ಮನೆ, 7.4 ಸೆಂ.ಮೀ. ಮೂರೆಳೆ ದಾರ. ಎರಡೆಳೆ ಹಾಕಿದರೆ ಸಾಲುಗಳ ನಡುವೆ ಬಟ್ಟೆ ಇಣುಕುತ್ತದೆ. ವಜ್ರದ ಮಾದರಿ ಆರು ಮನೆಗೊಮ್ಮೆ ಮರುಕಳಿಸುತ್ತದೆ:

ಸಾಲು 1: 3ನೆಯ ರಂಧ್ರದಿಂದ ಶುರು, ಮುಂದೆ 1 ಮನೆ, ಹಿಂದೆ 5.
ಸಾಲು 2: 2ನೆಯ ರಂಧ್ರದಿಂದ, ಮುಂದೆ 3, ಹಿಂದೆ 3.
ಸಾಲು 3: 1ನೆಯ ರಂಧ್ರದಿಂದ, ಮುಂದೆ 5, ಹಿಂದೆ 1.
ಸಾಲು 4 ಎಂದರೆ ಸಾಲು 2, ಸಾಲು 5 ಎಂದರೆ ಸಾಲು 1.

ಸಾಲಿಗೆ ಏಳು ಸಲ ಮಾಡಿದರೆ ಮೂರನೆಯ ಸಾಲು ಸರಿಯಾಗಿ 42ನೆಯ ರಂಧ್ರದಲ್ಲಿ ಮುಗಿಯುತ್ತದೆ. ರಂಧ್ರಗಳ ಎಣಿಕೆ ಎಡದಿಂದ; ಸರಿಸಂಖ್ಯೆಯ ಸಾಲುಗಳನ್ನು ಬಲದಿಂದ ಎಡಕ್ಕೆ ಹೊಲಿಯುತ್ತ ಬನ್ನಿ, ಎರಡನೆಯ ಸಾಲು ಹೊಲಿಯಲು ಶುರುವಾಗುವುದು 41ನೆಯ ರಂಧ್ರದಲ್ಲಿ. ಹದಿಮೂರು ಸಾಲಿಗೆ ಮೂರು ವಜ್ರ ಎತ್ತರ. ದಾರ 110 ಸೆಂ.ಮೀ. ಆಸುಪಾಸು, ಬಾಲಗಳಿಗೂ ಸೇರಿ 55 ಸೆಂ.ಮೀ.ನ ಮೂರು ತುಂಡು. ಬಟ್ಟೆ ತಿರುಗಿಸಿದರೆ ಹಿಂದೆಯೂ ವಜ್ರಗಳೇ, ಮೂರು ಮನೆ ಪಕ್ಕಕ್ಕೆ, ಎರಡು ಸಾಲು ಕೆಳಕ್ಕೆ ಸರಿದು ಕೂತಿರುತ್ತವೆ. ಅವು ಸರಿಯಾಗಿ ಬಂದಿದ್ದರೆ ಮುಂದಿನದನ್ನು ಎಣಿಸಿ ನೋಡುವ ಅಗತ್ಯವೇ ಇಲ್ಲ.

ನೇಗಿಯಲ್ಲಿ ಕೆಡುವುದು ಎಣಿಕೆಗಿಂತ ಹೆಚ್ಚಾಗಿ ಬಿಗಿ. ಉದ್ದ ಹೊಲಿಗೆ ಬಟ್ಟೆಯನ್ನು ಹಿಡಿಯುವ ಜಾಗಗಳು ಕಡಿಮೆ, ಸ್ವಲ್ಪ ಎಳೆದರೂ ಬಟ್ಟೆ ನೆರಿಗೆಗಟ್ಟುತ್ತದೆ. ಪ್ರತಿ ಸಾಲು ಮುಗಿದಾಗ ಹೊಲಿಗೆಯ ಮೇಲೆ ಹೆಬ್ಬೆರಳಿನಿಂದ ಉದ್ದಕ್ಕೂ ಸವರಿ, ಸ್ಕೇಲ್ ಇಡಿ. 41 ಮನೆ 7.4 ಸೆಂ.ಮೀ. ಬರಬೇಕು. 7.2 ಬಂದರೆ ಬಿಗಿ ಹೆಚ್ಚಾಯಿತು, ಸೂಜಿಯ ಕಣ್ಣಿನಿಂದ ಪ್ರತಿ ಹೊಲಿಗೆಯನ್ನೂ ಕೂದಲೆಳೆಯಷ್ಟು ಸಡಿಲಿಸಿ. ಮೂರೆಳೆ ಹುರಿಗಟ್ಟಿದರೆ ಹೊಲಿಗೆ ಸಣಕಲಾಗುತ್ತದೆ. ಏಳೆಂಟು ಹೊಲಿಗೆಗೊಮ್ಮೆ ಸೂಜಿಯನ್ನು ಕೈಬಿಟ್ಟು ತೂಗಲು ಬಿಡಿ, ಹುರಿ ತಾನೇ ಬಿಚ್ಚಿಕೊಳ್ಳುತ್ತದೆ. ಆರು ಮನೆಗಿಂತ ಉದ್ದದ ಹೊಲಿಗೆ ಬಳಸುವ ವಸ್ತುವಿಗೆ ಬೇಡ, ಉಗುರಿಗೆ, ಬಳೆಗೆ ಸಿಕ್ಕಿ ಎದ್ದುಬರುತ್ತದೆ. ಚೀಲದ ಒಳಗೆ ಅಸ್ತರಿ ಹಾಕಲೇಬೇಕು, ಹಿಂದಿನ ಐದು ಮನೆಯ ಹೊಲಿಗೆಗಳಿಗೆ ನಾಣ್ಯದ ಅಂಚು ತಗುಲುತ್ತದೆ.

ಕೆಲಸ 4: ಮೆಂತೆಯ ಅಂಚಿರುವ ಲೋಟದ ಚೌಕ

12 × 12 ತುಂಡು, ಮುಗಿದಾಗ 8 × 8. ಅಂಚಿಗೆ ಮೆಂತೆಯ ಎರಡು ಸುತ್ತು, ನಡುವೆ ಖಾಲಿ. ಮೆಂತೆ ಎಂದರೆ ಎರಡು ಓರೆ ಗೀಟಿನ ಗುಣಾಕಾರ ಚಿಹ್ನೆ. ಸಾಲಿನಲ್ಲಿ ಮೊದಲು ಒಂದೇ ದಿಕ್ಕಿಗೆ ಬಾಗಿದ ಗೀಟುಗಳನ್ನು ಹಾಕುತ್ತ ಹೋಗಿ, ಮರಳುವಾಗ ಅವುಗಳ ಮೇಲೆ ಎದುರು ಗೀಟು. ಹಿಂದೆ ಲಂಬ ಕಡ್ಡಿಗಳ ಸಾಲು ಕಾಣಬೇಕು. ಅಲ್ಲಿ ಓರೆ ಗೀಟು ಕಂಡರೆ ಒಂದು ಮೆಂತೆಯನ್ನು ಬೇರೆ ಕ್ರಮದಲ್ಲಿ ಹಾಕಿದ್ದೀರಿ. ಮೂಲೆ ತಿರುಗುವಾಗ ಮೇಲಿನ ಗೀಟಿನ ದಿಕ್ಕು ಬದಲಾಗುವ ತಪ್ಪೇ ಹೆಚ್ಚು. ಬಟ್ಟೆಯನ್ನು ತಿರುಗಿಸಿ ಹೊಲಿಯುತ್ತ ಹೋದರೆ ಹೀಗಾಗುತ್ತದೆ, ಬೆಳಕಿನಲ್ಲಿ ಒಂದು ಬದಿಯ ಬಣ್ಣ ಬೇರೆಯೇ ಕಾಣುತ್ತದೆ. ಬಟ್ಟೆಯ ಮೇಲಂಚಿಗೆ ಒಂದು ಟಾಕಾ ಗುರುತು ಹಾಕಿ, ಅದು ಯಾವಾಗಲೂ ಮೇಲೇ ಇರಲಿ.

ಎರಡೆಳೆಯಲ್ಲಿ ಒಂದು ಮೆಂತೆಗೆ 11 ಮಿ.ಮೀ. ದಾರ, ನೂರಕ್ಕೆ 1.1 ಮೀಟರ್. ಗವಂತಿಯ ಎರಡರಷ್ಟಕ್ಕಿಂತ ಹೆಚ್ಚು, ಮೈ ತುಂಬುವ ಹೊಲಿಗೆಯಾದ್ದರಿಂದ. ಹಿಂದೆ ಮೂರು ಮನೆಗಿಂತ ದೂರಕ್ಕೆ ದಾರ ಎಳೆಯಬೇಡಿ, ತಿಳಿ ಬಟ್ಟೆಯಲ್ಲಿ ಕೆಂಪು ಗೆರೆಯಾಗಿ ಮುಂದಕ್ಕೆ ಕಾಣುತ್ತದೆ.

ಕೆಲಸ 5: ಕುಪ್ಪಸದ ತೋಳಿಗೆ ತುಳಸಿ ಕಟ್ಟೆ

ಇಲ್ಲಿಯವರೆಗಿನ ಬಟ್ಟೆಯಲ್ಲಿ ಹಾಸು-ಹೊಕ್ಕು ಸಮ. ಸೀರೆ, ಕುಪ್ಪಸದ ಬಟ್ಟೆಯಲ್ಲಿ ಆ ಭರವಸೆಯಿಲ್ಲ. 2.5 ಸೆಂ.ಮೀ.ಗೆ ಒಂದು ಕಡೆ 30 ಎಳೆ, ಇನ್ನೊಂದು ಕಡೆ 24 ಎಳೆ ಇದ್ದರೆ, 60 × 60 ಎಳೆ ಎಣಿಸಿದ ಚೌಕ 5 × 6.25 ಸೆಂ.ಮೀ. ಆಗುತ್ತದೆ. ಎಣಿಕೆಯಲ್ಲಿ ತಪ್ಪಿಲ್ಲ, ಆದರೂ ತೇರು ಕುಳ್ಳಗೆ ಅಥವಾ ಸಣಕಲಾಗಿ ಬರುವುದು ಇದರಿಂದ. ನುಣುಪು ರೇಷ್ಮೆಯಲ್ಲಂತೂ ಎಳೆ ಕಣ್ಣಿಗೇ ಹತ್ತುವುದಿಲ್ಲ. ಅದಕ್ಕೇ ಮೇಲೊಂದು ಜಾಳಿಗೆ ಬಟ್ಟೆ, ಅಂದರೆ ಹೊಲಿದ ಮೇಲೆ ಎಳೆ ಎಳೆಯಾಗಿ ತೆಗೆದುಬಿಡುವ 14 ಕೌಂಟ್ ಕ್ಯಾನ್ವಾಸ್, ಟಾಕಾ ಹಾಕಿಕೊಂಡು ಅದರ ಮನೆ ಎಣಿಸಿ ಹೊಲಿಯುವುದು.

ಚಿತ್ರದ ಅಳತೆ, ಮನೆಗಳಲ್ಲಿ: ಕೆಳಗಿನ ಮೆಟ್ಟಿಲು 25 ಅಗಲ 2 ಎತ್ತರ, ಅದರ ಮೇಲೆ 19 ಅಗಲ 2 ಎತ್ತರ, ಕಟ್ಟೆಯ ಮೈ 13 ಅಗಲ 10 ಎತ್ತರ, ಮೇಲಿನ ಹಲಗೆ 17 ಅಗಲ 2 ಎತ್ತರ, ಗಿಡ 8 ಎತ್ತರ. ಒಟ್ಟು 25 ಅಗಲ, 24 ಎತ್ತರ, ಸುಮಾರು 4.5 × 4.4 ಸೆಂ.ಮೀ.

ಅಗಲಗಳೆಲ್ಲ ಬೆಸಸಂಖ್ಯೆ. ಅದಕ್ಕೆ ಕಾರಣ ಮೈಯೊಳಗಿನ ನೇಗಿ. ವಜ್ರದ ಎರಡು ಸುತ್ತು 1ರಿಂದ 12ನೆಯ ರಂಧ್ರದವರೆಗೆ ಹರಡುತ್ತದೆ. ಮೈ 12 ಮನೆ ಇಟ್ಟರೆ ಚೌಕಟ್ಟು 0 ಮತ್ತು 12ರಲ್ಲಿ ಬಿದ್ದು, ನೇಗಿ ಬಲಗಡೆ ಗೆರೆಗೆ ತಾಗುತ್ತದೆ, ಎಡಗಡೆ ಒಂದು ಮನೆ ಖಾಲಿ. 13 ಇಟ್ಟರೆ ಎರಡೂ ಕಡೆ ಒಂದೊಂದು ಮನೆ. ಎತ್ತರ 10 ಇಟ್ಟದ್ದಕ್ಕೂ ಅದೇ ಕಾರಣ: ಒಳಗೆ ಒಂಬತ್ತು ಸಾಲು ಸಿಗುತ್ತವೆ, 1-3-5-3-1-3-5-3-1, ಎರಡು ವಜ್ರ ಎತ್ತರ. ಆದರೆ ಬೆಸ ಅಗಲದಲ್ಲಿ ನಟ್ಟನಡುವೆ ಬೀಳುವುದು ಮನೆ, ರಂಧ್ರವಲ್ಲ. ಗಿಡದ ಕಾಂಡಕ್ಕೆ ಒಂದೇ ಗೆರೆ ಹಾಕಿದರೆ ಅದು ಅರ್ಧ ಮನೆ ಪಕ್ಕಕ್ಕೆ ನಿಲ್ಲುತ್ತದೆ. ಹಾಗಾಗಿ ಕಾಂಡಕ್ಕೆ ಎರಡು ಗೆರೆ, ನಡುವೆ ಒಂದು ಮನೆ, ಮೇಲೆ ಒಂದು ಮನೆಯ ಮುಚ್ಚಳ. ಎರಡೂ ಬದಿಗೆ ಮೂರು ಮೂರು ಕೊಂಬೆ, ಕೊಂಬೆಗೆ 3 ಮನೆ.

ಮೊದಲು ಗವಂತಿಯ ಚೌಕಟ್ಟು ಪೂರ್ತಿ, ಆಮೇಲೆ ನೇಗಿ, ಕೊನೆಗೆ ಕೆಳಗಿನ ಮೆಟ್ಟಿಲೊಳಗೆ ಮೆಂತೆ. ಚೌಕಟ್ಟಿಗೆ ನಾಲ್ಕು ದಾರ:

ಒಂದನೆಯದು ಕೆಳಗಿನ ಮೆಟ್ಟಿಲ ಸುತ್ತು, 54 ಮನೆ. ಎರಡನೆಯದು ಎರಡನೆಯ ಮೆಟ್ಟಿಲ ಎರಡು ಬದಿ, ಮೇಲ್ಗೆರೆ, ಮೈಯ ಎರಡು ಲಂಬಗೆರೆ ಕವಲಾಗಿ, 43 ಮನೆ. ಮೂರನೆಯದು ಹಲಗೆಯ ಸುತ್ತು, 38. ನಾಲ್ಕನೆಯದು ಗಿಡ, 35. ನಾಲ್ಕೂ 58ರ ಒಳಗೇ ಇವೆ.

ಜಾಳಿಗೆಯನ್ನು ಚಿತ್ರಕ್ಕಿಂತ ಎಲ್ಲ ಕಡೆ 3 ಸೆಂ.ಮೀ. ದೊಡ್ಡದಾಗಿ ಕತ್ತರಿಸಿ, ಅದರ ಎಳೆ ಬಟ್ಟೆಯ ಎಳೆಗೆ ನೇರವಾಗಿರುವಂತೆ ಇಟ್ಟು ಸುತ್ತ ಹಾಗೂ ನಡುವೆ ಅಡ್ಡ-ಉದ್ದ ಟಾಕಾ ಹಾಕಿ. ಬಟ್ಟೆಯನ್ನು ರಿಂಗಿಗೆ ಹಾಕುವುದು ಈ ಕೆಲಸಕ್ಕೆ ಮಾತ್ರ ಒಳ್ಳೆಯದು. ರಂಧ್ರದ ಸರಿಯಾದ ನಡುವಿನಲ್ಲಿ ಚೂಪು ಸೂಜಿ ನೇರ ಇಳಿಯಬೇಕು. ಓರೆಯಾಗಿ ಇಳಿದರೆ ಜಾಳಿಗೆಯ ಮೇಲೆ ಗೆರೆ ನೇರ ಕಂಡರೂ ಅದು ಹೋದ ಮೇಲೆ ಬಟ್ಟೆಯಲ್ಲಿ ಸೊಟ್ಟ. ಸೂಜಿ ಜಾಳಿಗೆಯ ಎಳೆಯನ್ನೇ ಚುಚ್ಚಿಕೊಂಡು ಹೋದರೆ ಆ ಎಳೆ ಕೊನೆಗೆ ಬರುವುದೇ ಇಲ್ಲ. ಮ್ಯಾಟಿಯಲ್ಲಿ ಎಳೆಯುವುದಕ್ಕಿಂತ ತುಸು ಬಿಗಿಯಾಗಿ ಎಳೆಯಿರಿ, ಜಾಳಿಗೆಯ ದಪ್ಪ ಹೋದಾಗ ಅಷ್ಟೂ ದಾರ ಸಡಿಲಾಗುತ್ತದೆ. ಕಪ್ಪು ಬಟ್ಟೆಯಾದರೆ ತೊಡೆಯ ಮೇಲೆ ಬಿಳಿ ಬಟ್ಟೆ ಹಾಸಿಕೊಳ್ಳಿ, ರಂಧ್ರಗಳಲ್ಲಿ ಬೆಳಕು ಕಾಣುತ್ತದೆ.

ಹೊಲಿಗೆ ಮುಗಿದ ಮೇಲೆ ಟಾಕಾ ಬಿಚ್ಚಿ, ಜಾಳಿಗೆಯನ್ನು ಹೊಲಿಗೆಯಿಂದ 1 ಸೆಂ.ಮೀ. ಬಿಟ್ಟು ಕತ್ತರಿಸಿ. ಒದ್ದೆ ಹತ್ತಿಯಿಂದ ತಟ್ಟಿದರೆ ಅದರ ಗಂಜಿ ಮೆತ್ತಗಾಗುತ್ತದೆ. ನೀರಿನ ಕಲೆ ಹಿಡಿಯುವ ರೇಷ್ಮೆಯಾದರೆ ಒದ್ದೆ ಮಾಡದೆ ಬೆರಳಿನಿಂದ ಉಜ್ಜಿ ಮೆತ್ತಗೆ ಮಾಡಿ. ಚಿಮಟದಿಂದ ಮೊದಲು ಒಂದು ದಿಕ್ಕಿನ ಎಳೆಗಳನ್ನೆಲ್ಲ, ಬಟ್ಟೆಗೆ ಚಪ್ಪಟೆಯಾಗಿ, ಒಂದೊಂದೇ ಎಳೆಯಿರಿ. ಮೇಲಕ್ಕೆ ಎತ್ತಿ ಎಳೆದರೆ ಹೊಲಿಗೆ ಜೊತೆಗೆ ಏಳುತ್ತದೆ. ಒಂದು ದಿಕ್ಕು ಖಾಲಿಯಾದ ಮೇಲೆ ಇನ್ನೊಂದು ದಿಕ್ಕಿನವು ಸಲೀಸಾಗಿ ಬರುತ್ತವೆ. ಎಳೆ ಬಿಗಿಯಾಗಿ ಕೂತರೆ ಎರಡು ಹೊಲಿಗೆಗಳ ನಡುವೆ ಅದನ್ನು ಕತ್ತರಿಸಿ ಎರಡೂ ಕಡೆಯಿಂದ ತೆಗೆಯಿರಿ.

ಇಸ್ತ್ರಿ ಹಿಂಬದಿಯಿಂದ, ಕೆಳಗೆ ದಪ್ಪ ಟವೆಲ್ ಹಾಸಿ, ಒತ್ತಿ ಎತ್ತಬೇಕು, ಎಳೆಯಬಾರದು. ತೊಳೆದಾಗ ಬಣ್ಣ ಬಿಟ್ಟರೆ ಒಣಗಲು ಬಿಡಬೇಡಿ, ಒಣಗಿದ ಕಲೆ ಹೋಗುವುದಿಲ್ಲ. ನೀರು ತಿಳಿಯಾಗುವವರೆಗೆ ತಣ್ಣೀರಲ್ಲೇ ಅದ್ದುತ್ತಿರಿ.